ಕೇಳುವ ಮಕ್ಕಳು, ಸುಣ್ಣ ಬಳಿಯುವ ಹಿರಿಯರು

ಒಂದು ಮಾತನ್ನು ನನ್ನ ಎಪ್ಪತ್ತೇಳು ವರ್ಷಗಳ ಆಯುಷ್ಯದಲ್ಲಿ ಎಷ್ಟು ಬಾರಿ ಕೇಳಿದ್ದೇನೆಂಬ ಲೆಕ್ಕವನ್ನು ನಾನು ಇಟ್ಟಿಲ್ಲ. ಅದನ್ನು ನಾನೇ ಎಷ್ಟು ಬಾರಿ ಆಡಿದ್ದೇನೆಂದು ಲೆಕ್ಕ ಹಾಕುವ ಧೈರ್ಯವಂತೂ ನನಗಿಲ್ಲ. "ಇದೇನು ಮಹಾ! ಇದನ್ನು ನಮ್ಮ ಮನೆಯ ಮಗುವೂ ಬರೆಯುತ್ತದೆ" ಎಂಬುದೇ ಆ ಮಾತು. ಆಧುನಿಕ ಚಿತ್ರವೊಂದರ ಮುಂದೆ ನಿಂತ ವಿದ್ಯಾವಂತನ ಬಾಯಿಂದ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಸೀನು ಬಂದವನು ಕೂಡ ಅಷ್ಟು ಸಲೀಸಾಗಿ ಸೀನಲಾರ. ಇಂದಿನ ಲೇಖನ ಆ ಮಾತಿನ ವಿರುದ್ಧ. ಸ್ವಲ್ಪ ಖಾರವಾಗಿಯೇ ಬರೆಯಲಿದ್ದೇನೆ. ಓದುಗ ಮಿತ್ರರು ಮನ್ನಿಸಬೇಕು. ಖಾರದ ದೊಡ್ಡ ಪಾಲು ನನ್ನ ತಟ್ಟೆಗೇ ಬೀಳಲಿದೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ನನ್ನ ಮಗಳ ಸಂಸಾರ ನೆದರ್ಲೆಂಡ್ಸ್ ದೇಶದ ಆಮ್‌ಸ್ಟೆಲ್‌ವೇನ್ ಎಂಬ ಊರಿನಲ್ಲಿದೆ. ಆಮ್‌ಸ್ಟರ್‌ಡ್ಯಾಮಿನ ದಕ್ಷಿಣದ ಮಗ್ಗುಲಿಗೆ ಅಂಟಿಕೊಂಡ ಊರು ಅದು. ಭಾರತದಿಂದ ಉದ್ಯೋಗಕ್ಕೆಂದು ಹೋದವರು ಅಲ್ಲಿ ಬಹಳ ಮಂದಿ ನೆಲೆಸಿದ್ದಾರೆ. ಸಂಜೆ ಉದ್ಯಾನದಲ್ಲಿ ಒಂದು ಸುತ್ತು ಹಾಕಿದರೆ ನಾಲ್ಕು ಭಾರತೀಯ ಭಾಷೆಗಳು ಕಿವಿಗೆ ಬೀಳುತ್ತವೆ, ಅದೃಷ್ಟವಿದ್ದರೆ ಅವುಗಳಲ್ಲಿ ಕನ್ನಡವೂ ಒಂದು. ಆ ಊರಿನ ನಡುಮಧ್ಯದಲ್ಲಿ, ಸಾಂಡ್‌ಬರ್ಗ್ ಎಂಬವರ ಹೆಸರು ಹೊತ್ತ ಚೌಕದಲ್ಲಿ, ಕೋಬ್ರಾ ವಸ್ತುಸಂಗ್ರಹಾಲಯವೆಂಬುದೊಂದಿದೆ. 1995ರಲ್ಲಿ ಆರಂಭವಾದದ್ದು. ಹೆಸರು ನೋಡಿ ನಾಗರಹಾವುಗಳ ಸಂಗ್ರಹವೆಂದು ಭಾವಿಸಿದ ಭೂಪರಲ್ಲಿ ನಾನೂ ಒಬ್ಬ. ಒಳಗೆ ಹೋದ ಮೇಲೆ ತಿಳಿಯಿತು, ಅದು ಹಾವಿನ ಹೆಸರಲ್ಲ. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಎಂಬ ಮೂರು ನಗರಗಳ ಮೊದಲಕ್ಷರಗಳನ್ನು ಹೊಸೆದು ಕಟ್ಟಿದ ಒಂದು ಕಲಾವಿದರ ಗುಂಪಿನ ಹೆಸರು ಎಂದು.

ನಾವು ಮೂವರಿದ್ದೆವು. ನಾನು, ನನ್ನಂತೆಯೇ ಮಗನ ಮನೆಗೆ ಬಂದಿದ್ದ ಮೈಸೂರು ಕಡೆಯ ನಿವೃತ್ತರೊಬ್ಬರು, ಮತ್ತು ಎಂಟು ವರ್ಷದ ನನ್ನ ಮೊಮ್ಮಗಳು. ಕಾರೆಲ್ ಆಪೆಲ್ ಎಂಬ ಚಿತ್ರಕಾರನ ಒಂದು ಕೃತಿಯ ಮುಂದೆ ನಾವು ನಿಂತೆವು. ದಪ್ಪ ಕಪ್ಪು ಗೆರೆಗಳು, ಅವುಗಳ ನಡುವೆ ಕೆಂಪು, ಹಳದಿ, ನೀಲಿ. ಪ್ರಾಣಿಯೋ ಮನುಷ್ಯನೋ ಹೇಳಲಾಗದ ಒಂದು ಆಕೃತಿ. ಮುಖದ ತುಂಬ ದುಂಡನೆಯ ಎರಡು ಕಣ್ಣುಗಳು. ಮಿತ್ರರು ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು, ತಲೆಯನ್ನು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ವಾಲಿಸಿ, ಅನಂತರ ನಾನು ನಿರೀಕ್ಷಿಸಿದ್ದ ಮಾತನ್ನೇ ಆಡಿದರು: "ಇದನ್ನು ನಿಮ್ಮ ಮೊಮ್ಮಗಳೂ ಬರೆಯುತ್ತಾಳೆ, ಮೇಷ್ಟ್ರೇ." ನಾನು ನಕ್ಕೆ. ನಗುವುದು ರೂಢಿ. ಮೊಮ್ಮಗಳು ನಗಲಿಲ್ಲ. ಅವಳು ಕೇಳಿದಳು: "ತಾತ, ಇದು ಯಾಕೆ ನಮ್ಮನ್ನೇ ನೋಡ್ತಾ ಇದೆ?"

ಇಬ್ಬರು ವೃದ್ಧರ ಬಳಿಯೂ ಉತ್ತರವಿರಲಿಲ್ಲ. ಮೂವತ್ತೈದು ವರ್ಷ ಪ್ರಶ್ನೆ ಕೇಳುವುದನ್ನೇ ವೃತ್ತಿ ಮಾಡಿಕೊಂಡಿದ್ದ ನನಗೆ, ಆ ಚಿತ್ರದ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆ ಹೊಳೆದಿರಲಿಲ್ಲ. ಅಲ್ಲಿ ಉಳಿದಿದ್ದ ವಾರಗಳಲ್ಲಿ ಸಿಕ್ಕಿದ ಪುಸ್ತಕಗಳನ್ನು ಓದಿದೆ, ನೋಡಬಹುದಾದ ಚಿತ್ರಗಳನ್ನು ನೋಡಿದೆ. ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಕಾರೆಲ್ ಆಪೆಲ್ ಹುಟ್ಟಿದ್ದು 1921ರ ಏಪ್ರಿಲ್ 25ರಂದು, ಆಮ್‌ಸ್ಟರ್‌ಡ್ಯಾಮಿನ ಒಂದು ಸಾಮಾನ್ಯ ಬಡಾವಣೆಯಲ್ಲಿ. ಡಚ್ ಭಾಷೆಯಲ್ಲಿ ಆಪೆಲ್ ಎಂದರೆ ಸೇಬು. ತಂದೆ ಕ್ಷೌರಿಕ, ಅಂಗಡಿ ಕೆಳಗೆ, ಸಂಸಾರ ಮೇಲೆ. ಹದಿನೈದನೆಯ ಹುಟ್ಟುಹಬ್ಬಕ್ಕೆ, ಹವ್ಯಾಸಕ್ಕೆಂದು ಚಿತ್ರ ಬರೆಯುತ್ತಿದ್ದ ಬಂಧುವೊಬ್ಬ ಅವನಿಗೆ ಬಣ್ಣಗಳನ್ನೂ ಚಿತ್ರದ ಹಲಗೆಯನ್ನೂ ಕೊಟ್ಟು ಕೈಹಿಡಿದು ಕಲಿಸಿದ. ಮಗ ಚಿತ್ರಕಾರನಾಗುವುದು ಹೆತ್ತವರಿಗೆ ಸಮ್ಮತವಿರಲಿಲ್ಲ. ಹುಡುಗ ಮನೆ ಬಿಟ್ಟ. 1940ರಿಂದ 1943ರವರೆಗೆ ಆಮ್‌ಸ್ಟರ್‌ಡ್ಯಾಮಿನ ರಾಜ್ಯ ಕಲಾ ಅಕಾಡೆಮಿಯಲ್ಲಿ ಓದಿದ. ಅಂದರೆ ದೇಶ ಜರ್ಮನಿಯ ನಾಜಿಗಳ ವಶದಲ್ಲಿದ್ದಾಗ. "ಮಗುವೂ ಬರೆಯುತ್ತದೆ" ಎನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಮನುಷ್ಯ ಭಾವಚಿತ್ರವನ್ನೂ ನಿಸರ್ಗದೃಶ್ಯವನ್ನೂ ಹಳೆಯ ಪದ್ಧತಿಯಲ್ಲೇ ಬರೆಯಲು ಕಲಿತವನು. ಮೂಗು ಇದ್ದಲ್ಲಿ ಮೂಗು, ಕಿವಿ ಇದ್ದಲ್ಲಿ ಕಿವಿ ಬರೆಯುವುದು ಅವನಿಗೆ ಬರುತ್ತಿತ್ತು.

ಹಾಗಿದ್ದರೆ ಅದನ್ನೇಕೆ ಬಿಟ್ಟ? 1944-45ರ ಚಳಿಗಾಲವನ್ನು ಡಚ್ಚರು ಇಂದಿಗೂ 'ಹಸಿವಿನ ಚಳಿಗಾಲ' ಎಂದೇ ಕರೆಯುತ್ತಾರೆ. ಆಹಾರವೂ ಉರುವಲೂ ನಿಂತುಹೋಗಿ, ಜನ ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದ ಕಾಲ ಅದು. ಸುಮಾರು 20,000 ಮಂದಿ ಹಸಿವಿನಿಂದ ಸತ್ತರೆಂದು ಅಂದಾಜು. ಇಪ್ಪತ್ತಮೂರರ ಹರೆಯದಲ್ಲಿ ಇದನ್ನು ಕಂಡ ಒಬ್ಬ ಚಿತ್ರಕಾರ, ಯುದ್ಧ ಮುಗಿದ ಮರುದಿನ ಎದ್ದು ಮೊದಲಿನಂತೆ ಹಣ್ಣಿನ ಬುಟ್ಟಿಯ ಚಿತ್ರ ಬರೆಯುತ್ತಾ ಕುಳಿತಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇ? ಅವನೂ ಅವನ ಗೆಳೆಯರೂ ಹೇಳಿದ್ದು ಸರಳವಾದ ಸಂಗತಿ: ಇಷ್ಟೆಲ್ಲ ಸಂಸ್ಕಾರ, ಇಷ್ಟೆಲ್ಲ ಅಕಾಡೆಮಿ, ಇಷ್ಟೆಲ್ಲ ಸೊಗಸು ಇದ್ದ ಯುರೋಪು ಕೊನೆಗೆ ಬಂದು ಮುಟ್ಟಿದ್ದು ಎಲ್ಲಿಗೆ? ಆದ್ದರಿಂದ ಮೊದಲಿನಿಂದ ಆರಂಭಿಸೋಣ. ಮೊದಲು ಎಂದರೆ ಮಗು. ಮಗುವಿನ ಚಿತ್ರಗಳನ್ನೂ, ಜನಪದರ ಕಲೆಯನ್ನೂ, ಮಾನಸಿಕ ಅಸ್ವಸ್ಥರು ಬರೆದ ಚಿತ್ರಗಳನ್ನೂ ಅವರು ಗುರುವಿನ ಪೀಠದಲ್ಲಿ ಕೂರಿಸಿದರು.

1948ರ ನವೆಂಬರ್ 8ರಂದು ಪ್ಯಾರಿಸ್ಸಿನ ಒಂದು ಕಾಫಿಗೃಹದಲ್ಲಿ ಆರು ಮಂದಿ ಸೇರಿ ಕೋಬ್ರಾ ಗುಂಪನ್ನು ಕಟ್ಟಿದರು. ಡಚ್ಚರಾದ ಆಪೆಲ್, ಕಾನ್‌ಸ್ಟಂಟ್, ಕಾರ್ನೆಯ್. ಡೆನ್ಮಾರ್ಕಿನ ಆಸ್ಗರ್ ಯೋರ್ನ್. ಬೆಲ್ಜಿಯಮ್ಮಿನ ಕವಿಗಳಾದ ಡೋತ್ರಮೋನ್ ಮತ್ತು ನ್ವಾರೇ. ಗುಂಪು ಬಾಳಿದ್ದು ಮೂರೇ ವರ್ಷ, 1951ರಲ್ಲಿ ಮುಗಿಯಿತು. 1949ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೆ ಬಾಗಿಲು ತೆರೆದ ನಿರ್ದೇಶಕರೇ ವಿಲ್ಲೆಮ್ ಸಾಂಡ್‌ಬರ್ಗ್. ಆಮ್‌ಸ್ಟೆಲ್‌ವೇನಿನ ಚೌಕಕ್ಕೆ ಹೆಸರು ಬಂದದ್ದು ಅವರಿಂದಲೇ. ಚಿತ್ರಗಳನ್ನು ತೂಗುಹಾಕಿದ ವಾಸ್ತುಶಿಲ್ಪಿ ಆಲ್ಡೋ ವಾನ್ ಐಕ್, ಕೆಲವನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಇಟ್ಟ. ಪತ್ರಿಕೆಗಳು ಉರಿದುಬಿದ್ದವು. ಗೀಚಾಟ, ಹರಟೆ, ಬಣ್ಣದ ಎರಚಾಟ ಎಂಬರ್ಥದ ಪದಗಳು ಅಚ್ಚಾದವು. ನಮ್ಮ ಮೈಸೂರಿನ ಮಿತ್ರರ ಮಾತು ಎಪ್ಪತ್ತು ವರ್ಷಕ್ಕೂ ಹಿಂದೆಯೇ ಡಚ್ ಭಾಷೆಯಲ್ಲಿ ಪ್ರಕಟವಾಗಿತ್ತು ಎಂದರೆ ತಪ್ಪಾಗಲಾರದು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಅದು ಒಂದು ಗೋಡೆಯ ಕಥೆ.

1948ರ ಕೊನೆಯಲ್ಲಿ ಆಪೆಲ್ ರೈಲಿನಲ್ಲಿ ಜರ್ಮನಿಯನ್ನು ಹಾದು ಡೆನ್ಮಾರ್ಕಿಗೆ ಹೋಗಿದ್ದ. ಬಾಂಬಿಗೆ ಸಿಕ್ಕಿ ನೆಲಸಮವಾದ ಊರುಗಳ ನಿಲ್ದಾಣಗಳಲ್ಲಿ ಹಸಿದ ಮಕ್ಕಳು ರೈಲಿನತ್ತ ಕೈ ಚಾಚಿ ಬೇಡುತ್ತಿದ್ದರು. ನೆನಪಿಡಿ, ಅವರು ಶತ್ರುಗಳ ಮಕ್ಕಳು. ಇವನೋ ಆ ಶತ್ರುಗಳ ಕಾಲದಲ್ಲಿ ಹಸಿದವನು. ಅವನ ಚಿತ್ರಗಳಲ್ಲಿ ಆ ಮಕ್ಕಳು ಮತ್ತೆ ಮತ್ತೆ ಬಂದರು. 1949ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಸಭೆ ತನ್ನ ಕಚೇರಿಯ ನೌಕರರು ಊಟ ಮಾಡುವ ಕೋಣೆಯ ಗೋಡೆಗೆ ಒಂದು ಚಿತ್ರ ಬರೆಯುವಂತೆ ಅವನಿಗೆ ಹೇಳಿತು. ಅವನು ಬರೆದದ್ದು ಆ ಮಕ್ಕಳನ್ನೇ. ಸರಳವಾದ ಆಕಾರಗಳು, ಢಾಳಾದ ಬಣ್ಣಗಳು, ನೇರವಾಗಿ ನೋಡುವ ದುಂಡು ಕಣ್ಣುಗಳು.

ಆ ಚಿತ್ರದ ಡಚ್ ಹೆಸರನ್ನು ಇಂಗ್ಲಿಷಿನಲ್ಲಿ 'ಪ್ರಶ್ನಿಸುವ ಮಕ್ಕಳು' ಎಂಬರ್ಥ ಬರುವಂತೆ ಅನುವಾದಿಸುತ್ತಾರೆ. ಅಳಿಯನ ಸಹೋದ್ಯೋಗಿಯಾದ ಡಚ್ಚರೊಬ್ಬರು ನನಗೆ ವಿವರಿಸಿದರು: ಮೂಲದ ಕ್ರಿಯಾಪದಕ್ಕೆ ಪ್ರಶ್ನೆ ಹಾಕು ಎಂಬ ಅರ್ಥವೂ ಇದೆ, ಬೇಡು ಎಂಬ ಅರ್ಥವೂ ಇದೆ, ಇಂಗ್ಲಿಷಿನಲ್ಲಿ ಎರಡೂ ಒಟ್ಟಿಗೆ ಬರುವುದಿಲ್ಲ ಎಂದು. ನಾನು ಕನ್ನಡ ಮೇಷ್ಟ್ರು. ನನಗೆ ಆ ತೊಡಕೇ ಕಾಣಲಿಲ್ಲ. 'ಕೇಳುವ ಮಕ್ಕಳು' ಎಂದರೆ ಮುಗಿಯಿತು. ಮಗು ಪ್ರಶ್ನೆಯನ್ನೂ ಕೇಳುತ್ತದೆ, ಅನ್ನವನ್ನೂ ಕೇಳುತ್ತದೆ. ನಮ್ಮ ಭಾಷೆ ಇನ್ನೂ ಒಂದು ಹೆಜ್ಜೆ ಮುಂದಿದೆ: ಮಗು ಹೇಳಿದ್ದನ್ನು ನಾವು ಆಲಿಸುವುದಕ್ಕೂ 'ಕೇಳು' ಎಂದೇ ಹೆಸರು. ಕೇಳುವುದು ಮಗುವಿನ ಕೆಲಸ. ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಆ ಊಟದ ಕೋಣೆಯಲ್ಲಿ ತಪ್ಪಿದ್ದು ಇದೇ ಎರಡನೆಯ ಕೆಲಸ.

ನಗರಸಭೆಯ ನೌಕರರು ದೂರಿದರು. ಈ ಚಿತ್ರದ ಎದುರು ಕುಳಿತು ತಮಗೆ ಊಟ ಸೇರುವುದಿಲ್ಲ ಎಂದರು. ಕೆಲವೇ ತಿಂಗಳುಗಳಲ್ಲಿ ಅದರ ಮೇಲೆ ಹೊದಿಕೆ ಅಂಟಿಸಿ ಮುಚ್ಚಿಬಿಟ್ಟರು. ಮುಚ್ಚಿದ್ದು ಸುಮಾರು ಹತ್ತು ವರ್ಷ ಹಾಗೆಯೇ ಇತ್ತು. ಆಲ್ಡೋ ವಾನ್ ಐಕ್ ಇದನ್ನು ಖಂಡಿಸಿ ಒಂದು ಕರಪತ್ರವನ್ನೇ ಬರೆದ. ಅದರ ಶೀರ್ಷಿಕೆಯಲ್ಲಿ ಆಪೆಲ್ ಎಂಬ ಹೆಸರಿಗೂ, ಮನವಿ ಎಂಬ ಅರ್ಥದ ಡಚ್ ಪದಕ್ಕೂ ಶ್ಲೇಷೆ ಕೂಡಿಸಿದ್ದ. ಅವನ ಮನವಿ ಕಲ್ಪನಾಶಕ್ತಿಗೆ. ಆದರೆ ಅಧಿಕಾರಸ್ಥರ ಹೊಟ್ಟೆಗೂ ಕಲ್ಪನೆಗೂ ಪೈಪೋಟಿ ಬಿದ್ದರೆ ಯಾರು ಗೆಲ್ಲುತ್ತಾರೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆಪೆಲ್ 1950ರಲ್ಲಿ ಊರು ಬಿಟ್ಟು ಪ್ಯಾರಿಸ್ಸಿಗೆ ಹೋದ.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಆ ನೌಕರರಿಗೆ ನಿಜವಾಗಿಯೂ ಚಿತ್ರ ಅರ್ಥವಾಗಿರಲಿಲ್ಲವೇ? ಅರ್ಥವಾಗದ ಚಿತ್ರ ಯಾರ ಊಟವನ್ನೂ ಕೆಡಿಸುವುದಿಲ್ಲ. ಅರ್ಥವಾಗದ ಕ್ಯಾಲೆಂಡರುಗಳು, ಅರ್ಥವಾಗದ ಹೂವಿನ ಚಿತ್ತಾರಗಳು ಎಷ್ಟೋ ಊಟದ ಕೋಣೆಗಳಲ್ಲಿ ಯಾರಿಗೂ ತೊಂದರೆ ಕೊಡದೆ ನೇತಾಡುತ್ತಿವೆ. ಹಸಿವಿನ ಚಳಿಗಾಲ ಕಳೆದು ನಾಲ್ಕು ವರ್ಷ ಮಾತ್ರ ಆಗಿತ್ತು. ತಟ್ಟೆಯಲ್ಲಿ ಬ್ರೆಡ್ಡು ಇಟ್ಟುಕೊಂಡು ತಲೆಯೆತ್ತಿದರೆ ಎದುರು ಗೋಡೆಯಲ್ಲಿ ಹಸಿದ ಮಕ್ಕಳು ಕೇಳುತ್ತಾ ನಿಂತಿದ್ದಾರೆ. ಗಂಟಲಲ್ಲಿ ತುತ್ತು ಇಳಿಯಲಿಲ್ಲ ಎಂದರೆ ಚಿತ್ರ ಅರ್ಥವಾಯಿತು ಎಂದೇ ಅರ್ಥ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಅರ್ಥವಾಯಿತು. ಅರ್ಥವಾದದ್ದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದವರಿಗೆ ಒಂದು ಸುಲಭವಾದ ಹೊದಿಕೆ ಬೇಕು. "ಇದು ಚಿತ್ರವೇ ಅಲ್ಲ, ಮಕ್ಕಳ ಗೀಚು" ಎಂಬ ಮಾತೇ ಆ ಹೊದಿಕೆ. ಗೋಡೆಗೆ ಕಾಗದ ಅಂಟಿಸುವ ಮೊದಲು ಈ ಮಾತನ್ನು ಅಂಟಿಸಿದರು.

ಈ ಮಾತಿಗೆ ಒಂದು ಕೆಟ್ಟ ವಂಶಾವಳಿಯೂ ಇದೆ. 1937ರಲ್ಲಿ ಮ್ಯೂನಿಕ್ಕಿನಲ್ಲಿ ನಾಜಿಗಳು 'ಅವನತಿಯ ಕಲೆ' ಎಂದು ಹೆಸರಿಟ್ಟು ಆಧುನಿಕ ಚಿತ್ರಗಳ ಪ್ರದರ್ಶನ ನಡೆಸಿದರು. ಗೌರವಕ್ಕಾಗಿ ಅಲ್ಲ, ಗೇಲಿಗಾಗಿ. ಅದರ ಕೈಪಿಡಿಯಲ್ಲಿ ಹೆಸರಾಂತ ಕಲಾವಿದರ ಕೃತಿಗಳನ್ನು ಮಾನಸಿಕ ರೋಗಿಗಳ ಚಿತ್ರಗಳ ಪಕ್ಕದಲ್ಲಿ ಅಚ್ಚುಹಾಕಿ, ನೋಡಿ ನಗಿರಿ ಎಂದು ಜನರನ್ನು ಆಹ್ವಾನಿಸಿದರು. ಮ್ಯೂಸಿಯಮ್ಮಿನಲ್ಲಿ ಹಗುರವಾಗಿ ನಗೆಯಾಡುವ ನಮ್ಮ ನಿವೃತ್ತ ಮಿತ್ರರು ಅವರ ಸಾಲಿಗೆ ಸೇರಿದವರೆಂದು ನಾನು ಹೇಳುತ್ತಿಲ್ಲ. ಅವರು ಇರುವೆಯನ್ನೂ ತುಳಿಯದ ಸಜ್ಜನರು. ಆದರೆ ಕಲೆಯನ್ನು ಹೀಗಳೆಯಲು ಮಗುವನ್ನೂ ರೋಗಿಯನ್ನೂ ಬೈಗುಳವಾಗಿ ಬಳಸುವ ಉಪಾಯ ಯಾರ ಕೈಗಳಲ್ಲಿ ಓಡಾಡಿ ಬಂದದ್ದು ಎಂಬುದನ್ನು ತಿಳಿದಿರುವುದು ಒಳ್ಳೆಯದು. ನಾಜಿಗಳು ಬೈಗುಳವಾಗಿ ಬಳಸಿದ ಆ ಇಬ್ಬರನ್ನೇ ಕೋಬ್ರಾದವರು ಗುರುಗಳಾಗಿ ಸ್ವೀಕರಿಸಿದರು ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಎದುರಾಳಿಗಳ ಮಾತನ್ನೂ ಕೇಳಬೇಕು. ಇಲ್ಲವಾದರೆ ಇದು ವಾದವಾಗುವುದಿಲ್ಲ, ಭಾಷಣವಾಗುತ್ತದೆ.

ಮೊದಲನೆಯ ಆಕ್ಷೇಪ: ತಾನು ಸುಮ್ಮನೆ ಏನೋ ಗೀಚಾಡುತ್ತಿರುತ್ತೇನೆ ಎಂದು ಸ್ವತಃ ಆಪೆಲನೇ ಒಪ್ಪಿಕೊಂಡಿದ್ದಾನಲ್ಲ? ಹೌದು, ಆ ಅರ್ಥದ ಮಾತನ್ನು 1950ರ ದಶಕದಲ್ಲಿ ಅವನು ಆಡಿದ. ಅದು ಅವನ ದೇಶದಲ್ಲಿ ಗಾದೆಯಷ್ಟು ಪ್ರಸಿದ್ಧವಾಯಿತು, ಜೀವನವಿಡೀ ಅವನ ಬೆನ್ನು ಹತ್ತಿತು. 1961ರಲ್ಲಿ ಯಾನ್ ವ್ರೈಮನ್ ಎಂಬವರು ಅವನ ಬಗ್ಗೆ ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ಅವನು ಕ್ಯಾನ್ವಾಸಿನ ಮೇಲೆ ದಂಡೆತ್ತಿ ಹೋದವನಂತೆ ಬಣ್ಣವನ್ನು ಬಡಿಯುತ್ತಾನೆ. ಹಿನ್ನೆಲೆಗೆ ಡಿಜ್ಜಿ ಗಿಲೆಸ್ಪಿಯ ಜಾಝ್ ಸಂಗೀತವಿದೆ. 1962ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಕರಡಿ ಪ್ರಶಸ್ತಿಯೂ ಬಂತು. ನೋಡಿದವರು, ಇವನು ಯೋಚಿಸದೆ ಎರಚುವವನು ಎಂದೇ ನಂಬಿದರು. ಆದರೆ ಅವನ ನಿಧನದ ಹತ್ತು ವರ್ಷಗಳ ಬಳಿಕ, 2016ರಲ್ಲಿ ಹೇಗ್ ನಗರದಲ್ಲಿ ನಡೆದ ದೊಡ್ಡ ಪ್ರದರ್ಶನ, ಅವನ ಅನೇಕ ಚಿತ್ರಗಳಿಗೆ ಮೊದಲೇ ಮಾಡಿಕೊಂಡ ಕರಡುಗಳಿದ್ದವು ಎಂಬುದನ್ನು ಎತ್ತಿ ತೋರಿಸಿತು. ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಕೇಳುಗರಿಗೆ ಆಶುವಾಗಿ ಹರಿದಂತೆ ತೋರುವ ಆಲಾಪನೆಯ ಹಿಂದೆ ಬೆಳಗಿನ ಜಾವದ ಎಷ್ಟು ವರ್ಷಗಳ ಸಾಧಕವಿದೆ ಎಂಬುದು ಸಂಗೀತಗಾರರ ಮನೆಯವರಿಗೆ ಮಾತ್ರ ಗೊತ್ತು. ನಾವು ಸಂಗೀತಗಾರನಿಗೆ ಕೊಡುವ ನಂಬಿಕೆಯನ್ನು ಚಿತ್ರಕಾರನಿಗೆ ಏಕೆ ಕೊಡುವುದಿಲ್ಲ?

ಎರಡನೆಯ ಆಕ್ಷೇಪ: ಇದಕ್ಕೆ ಇಷ್ಟು ಬೆಲೆ ಏಕೆ? ಕಲೆಯ ಮಾರುಕಟ್ಟೆಯನ್ನು ಸಮರ್ಥಿಸಲು ನಾನು ಲೇಖನಿ ಹಿಡಿದಿಲ್ಲ. ಆಪೆಲ್ ಯಶಸ್ವಿಯಾದ. 1954ರಲ್ಲಿ ವೆನಿಸ್ ಮಹಾಪ್ರದರ್ಶನದಲ್ಲಿ ಯುನೆಸ್ಕೋ ಬಹುಮಾನ, 1960ರಲ್ಲಿ ಗುಗೆನ್‌ಹೈಮ್ ಅಂತರರಾಷ್ಟ್ರೀಯ ಪುರಸ್ಕಾರ. ಪ್ಯಾರಿಸ್, ನ್ಯೂಯಾರ್ಕ್, ಇಟಲಿಯ ಟಸ್ಕನಿಗಳಲ್ಲಿ ವಾಸ. ಆಲಿವ್ ಮರದ ಬೊಡ್ಡೆಗಳಿಗೆ ಬಣ್ಣ ಬಳಿದು ಶಿಲ್ಪ ಮಾಡಿದ. 1987ರಲ್ಲಿ ಜಪಾನಿನ ನರ್ತಕ ಮಿನ್ ತನಾಕಾ ಅವರ ನೃತ್ಯಕ್ಕೆ ರಂಗಸಜ್ಜು ಮಾಡಿದ. ಎಂಬತ್ತು ದಾಟಿದರೂ ಕುಂಚ ಕೆಳಗಿಡಲಿಲ್ಲ. 2006ರ ಮೇ 3ರಂದು ಜ್ಯೂರಿಕ್ಕಿನಲ್ಲಿ ತೀರಿಕೊಂಡ; ಪ್ಯಾರಿಸ್ಸಿನಲ್ಲಿ ಅವನ ಸಮಾಧಿ ಇದೆ. ಇಷ್ಟು ದೀರ್ಘ ಕಾಲ ಇಷ್ಟು ಬರೆದವನ ಎಲ್ಲ ಚಿತ್ರಗಳೂ ಒಂದೇ ಎತ್ತರದವು ಎಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಕೆಲವು ಕೃತಿಗಳಲ್ಲಿ ಆಟ ರೂಢಿಯಾಗಿದೆ, ಬಣ್ಣ ಬರಿಯ ಸದ್ದಾಗಿದೆ. ನನ್ನ ಕಣ್ಣಿಗೆ ಹಾಗೆ ಕಂಡಿತು. ಕೆಟ್ಟದ್ದನ್ನು ಕೆಟ್ಟದ್ದು ಎನ್ನಿ, ಧಾರಾಳವಾಗಿ ಅನ್ನಿ. ಆದರೆ ನೋಡಿ ಅನ್ನಿ. "ಮಗುವೂ ಬರೆಯುತ್ತದೆ" ಎಂಬುದು ನೋಡಿ ಆಡುವ ಮಾತಲ್ಲ, ನೋಡುವುದನ್ನು ತಪ್ಪಿಸಿಕೊಳ್ಳಲು ಆಡುವ ಮಾತು.

ಮೂರನೆಯವರು ಆಕ್ಷೇಪಿಸುವವರಲ್ಲ, ಮೆಚ್ಚುವವರು. ಅವರ ಮೇಲೂ ನನಗೆ ಮುನಿಸಿದೆ. "ಎಷ್ಟು ಖುಷಿಯ ಬಣ್ಣಗಳು! ಮಕ್ಕಳ ಕೋಣೆಗೆ ಹೇಳಿ ಮಾಡಿಸಿದಂತಿದೆ" ಎನ್ನುವ ಜನ. ಆಪೆಲನ 1949ರ ಒಂದು ಪ್ರಸಿದ್ಧ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರ ಹೆಸರೇ ಒಂದು ಜಯಕಾರ, ನಾವು ಶಾಲಾ ಮೈದಾನದಲ್ಲಿ ಮೂರು ಬಾರಿ ಕೂಗಿಸುವ ಹಿಪ್ ಹಿಪ್ ಹುರ್ರೇ. ಅದರಲ್ಲಿ ಅರ್ಧ ಮನುಷ್ಯ ಅರ್ಧ ಪ್ರಾಣಿಗಳಾದ ಬಣ್ಣಬಣ್ಣದ ಜೀವಿಗಳು ಕುಣಿಯುತ್ತಿವೆ. ಆದರೆ ಅವುಗಳ ಹಿನ್ನೆಲೆ ಕತ್ತಲು. ಅವರು ರಾತ್ರಿಯ ಜನ, ಅದಕ್ಕೆಂದೇ ಕಪ್ಪು ಹಿನ್ನೆಲೆ ಎಂದು ಅವನೇ ವಿವರಿಸಿದ್ದಾನೆ. ಬಣ್ಣವನ್ನು ಮಾತ್ರ ಕಂಡು ಕತ್ತಲನ್ನು ಕಾಣದವರು, ಮುಚ್ಚಿಹಾಕಿದ ನೌಕರರಿಗಿಂತ ಹೆಚ್ಚೇನೂ ನೋಡಿದವರಲ್ಲ. ನೌಕರರಿಗಾದರೂ ಊಟ ಸೇರಲಿಲ್ಲ.

ಮಗುವಿನ ಆಟವೂ ಹೀಗೆಯೇ. ಮಗು ನಕ್ಕೊಂಡು ಆಡುವುದರಿಂದ ಅದು ಹಗುರವಾದ ಕೆಲಸವೆಂದು ನಾವು ತಿಳಿಯುತ್ತೇವೆ. ಸಾವಿಗೆ ಕಂಡ ಮನೆಯ ಮಕ್ಕಳು ಮರುವಾರ ಹಿತ್ತಲಲ್ಲಿ ಗೊಂಬೆಗೆ ಚಟ್ಟ ಕಟ್ಟಿ ಆಡುವುದನ್ನು ನಾನು ನೋಡಿದ್ದೇನೆ. ಆಲ್ಡೋ ವಾನ್ ಐಕನಿಗೆ ಇದು ಗೊತ್ತಿತ್ತು. ಆಪೆಲನ ಪರವಾಗಿ ಕರಪತ್ರ ಬರೆದ ಅದೇ ಮನುಷ್ಯ, 1947ರಿಂದ ಆರಂಭಿಸಿ ಮೂರು ದಶಕಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸುಮಾರು 700 ಆಟದ ಬಯಲುಗಳನ್ನು ರೂಪಿಸಿದ. ಖಾಲಿ ನಿವೇಶನ, ರಸ್ತೆಯ ಮೂಲೆ, ಮನೆ ಬಿದ್ದು ಉಳಿದ ಜಾಗ, ಏನು ಸಿಕ್ಕರೆ ಅದು. ಮರಳಿನ ಹೊಂಡ, ಕಬ್ಬಿಣದ ಕಮಾನು, ದಾಟಿ ಆಡಲು ಕೆಲವು ಕಲ್ಲಿನ ದಿಮ್ಮಿ, ಅಷ್ಟೇ. ಇದು ಆನೆ, ಇದು ಕುದುರೆ ಎಂದು ಅವನು ಮಗುವಿಗೆ ಹೇಳಿಕೊಡಲಿಲ್ಲ. ಕಮಾನನ್ನು ಆನೆ ಮಾಡುವುದೋ ಹಡಗು ಮಾಡುವುದೋ ಮಗುವಿಗೆ ಬಿಟ್ಟದ್ದು. ಊಟದ ಕೋಣೆಯ ಮಕ್ಕಳನ್ನು ಮುಚ್ಚಿದ ಅದೇ ನಗರ, ಆಟದ ಮಕ್ಕಳಿಗೆ ಅಷ್ಟು ಜಾಗವನ್ನೂ ಬಿಟ್ಟುಕೊಟ್ಟಿತು. ಊರುಗಳು ಮನುಷ್ಯರಂತೆಯೇ, ಒಂದು ಕೈಯ ಕೆಲಸ ಇನ್ನೊಂದು ಕೈಗೆ ತಿಳಿದಿರುವುದಿಲ್ಲ.

ಇಷ್ಟು ಹೊತ್ತು ಡಚ್ ನಗರಸಭೆಯ ನೌಕರರನ್ನು ಬೈದೆ. ದೂರದ ಊರಿನ, ಸತ್ತುಹೋದ ಜನರನ್ನು ಬೈಯುವುದರಲ್ಲಿ ಅಪಾಯವಿಲ್ಲ. ನನ್ನ ಪಾಲಿನ ಖಾರ ಈಗ ಬರುತ್ತದೆ.

1986. ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಸತತವಾಗಿ ಮಳೆ ಕೈಕೊಟ್ಟ ಕಾಲ. ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಹಿಂಗೋಡೆಯ ಮೇಲೆ ಇದ್ದಿಲಿನಿಂದಲೂ ಇಟ್ಟಿಗೆ ಚೂರಿನಿಂದಲೂ ಬರೆದ ಒಂದು ದೊಡ್ಡ ಚಿತ್ರ ಕಾಣಿಸಿತು. ಐದಾರು ಮನುಷ್ಯರು, ಕಡ್ಡಿಯಂಥ ಕಾಲುಗಳು, ಮೊರದಷ್ಟು ಅಗಲದ ಕೈಗಳು, ಬಾಯಿಗಳು ತೆರೆದಿವೆ. ನಡುವೆ ಒಂದು ಬಿಂದಿಗೆ, ಅದು ಮನುಷ್ಯರಿಗಿಂತ ದೊಡ್ಡದು. ಬರೆದವನು ಎಂಟನೆಯ ತರಗತಿಯ ಒಬ್ಬ ಹುಡುಗ. ಆ ಬುಧವಾರ ತನಿಖೆಗೆ ಅಧಿಕಾರಿಗಳು ಬರುವವರಿದ್ದರು. ನಾನು ಹುಡುಗನನ್ನು ಕರೆಸಿ ಇದೇನು ಎಂದು ಗದರಿದೆ. ಅವನು, "ನಮ್ಮ ಮನೆ ಸಾರ್" ಎಂದ. ಕೈಗಳು ಇಷ್ಟು ದೊಡ್ಡವು ಇರುತ್ತವೆಯೇ, ಬಿಂದಿಗೆ ಅಮ್ಮನಿಗಿಂತ ದೊಡ್ಡದಾಗಿ ಇರುತ್ತದೆಯೇ ಎಂದು ಪ್ರಮಾಣಬದ್ಧತೆಯ ಪಾಠ ಹೇಳಿದೆ. ಹೊರಗಿದ್ದ ಇನ್ನೊಬ್ಬ ಶಿಕ್ಷಕರ ಕಡೆ ತಿರುಗಿ, "ನಮ್ಮ ಶಿಶುವಿಹಾರದ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ" ಎಂದು ನಗೆಯಾಡಿದೆ. ಅವರೂ ನಕ್ಕರು. ಆಮೇಲೆ ಆ ಹುಡುಗನ ಕೈಯಿಂದಲೇ ಗೋಡೆಗೆ ಸುಣ್ಣ ಬಳಿಸಿದೆ.

ಸುಣ್ಣ ಕಲಸಲು ನೀರು ಬೇಕಿತ್ತು. ಅದನ್ನು ತರಲು ಹುಡುಗ ಎಲ್ಲಿಯವರೆಗೆ ಹೋಗಿ ಬಂದನೆಂದು ನಾನು ಆಗ ವಿಚಾರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬೆಳ್ಳಗಾಗಿತ್ತು. ತನಿಖೆಗೆ ಬಂದವರು ಶಾಲೆಯ ಶುಚಿತ್ವವನ್ನು ಮೆಚ್ಚಿ ಬರೆದು ಹೋದರು.

ನನಗೆ ಆ ಚಿತ್ರ ಅರ್ಥವಾಗಿರಲಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆಮ್‌ಸ್ಟೆಲ್‌ವೇನಿನಲ್ಲಿ ಕುಳಿತು ಊಟದ ಕೋಣೆಯ ಗೋಡೆಯ ಕಥೆಯನ್ನು ಓದಿದ ರಾತ್ರಿ ಆ ನಂಬಿಕೆ ಉಳಿಯಲಿಲ್ಲ. ಅರ್ಥವಾಗಿತ್ತು. ಆ ಬಾಯಿಗಳು, ಆ ಬರಿದಾದ ಬಿಂದಿಗೆ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಏನೇನು ಕೇಳಬಹುದು ಎಂಬುದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಶಾಲೆಯ ಕೊಳವೆಬಾವಿ ಕೆಟ್ಟು ತಿಂಗಳುಗಳಾಗಿದ್ದವು. ಅದನ್ನು ನಾನು ವರದಿಯಲ್ಲಿ ಬರೆದಿರಲಿಲ್ಲ. ಪ್ರಮಾಣಬದ್ಧತೆ ಎಂಬುದು ನನ್ನ ಹೊದಿಕೆಯಾಗಿತ್ತು. ಆ ಹುಡುಗ ಮರುವರ್ಷ ಶಾಲೆಗೆ ಬರಲಿಲ್ಲ. ನಾನು ಬೈದದ್ದಕ್ಕೇ ಬಿಟ್ಟನೆಂದು ಹೇಳುವಷ್ಟು ಮಹತ್ವವನ್ನು ನನಗೆ ನಾನೇ ಕೊಟ್ಟುಕೊಳ್ಳಲಾರೆ. ಆ ವರ್ಷ ಹಳ್ಳಿಯಿಂದ ಅನೇಕ ಕುಟುಂಬಗಳು ಗುಳೆ ಹೋದವು. ಆದರೆ ಅವನು ನಮ್ಮ ಶಾಲೆಯಲ್ಲಿ ಕೇಳಿದ ಒಂದೇ ಒಂದು ದೊಡ್ಡ ಪ್ರಶ್ನೆಗೆ ಸಿಕ್ಕ ಉತ್ತರ ಒಂದು ಬಕೆಟ್ ಸುಣ್ಣ.

ಆಮ್‌ಸ್ಟರ್‌ಡ್ಯಾಮಿನ ಗೋಡೆಯ ಹೊದಿಕೆಯನ್ನು 1959ರಲ್ಲಿ ತೆಗೆದರು. 1988ರಲ್ಲಿ ನಗರಸಭೆ ಬೇರೆ ಕಟ್ಟಡಕ್ಕೆ ಹೋಯಿತು. ಹಳೆಯ ಕಟ್ಟಡ ಈಗ ಐಷಾರಾಮಿ ಹೋಟೆಲು. ಆ ಮಕ್ಕಳು ಇಂದಿಗೂ ಅದರೊಳಗೆ ಗೋಡೆಯ ಮೇಲಿದ್ದಾರೆ. ಪಕ್ಕದಲ್ಲೇ ಸಿರಿವಂತರು ಊಟ ಮಾಡುತ್ತಾರೆ. ಅವರಿಗೆ ಊಟ ಸೇರುತ್ತದೆಯೋ ಇಲ್ಲವೋ, ನಾನು ಒಳಗೆ ಹೋಗಿ ನೋಡಲಿಲ್ಲ. ಕಾಗದದ ಹೊದಿಕೆಯನ್ನು ಕಿತ್ತರೆ ಕೆಳಗೆ ಚಿತ್ರ ಸಿಗುತ್ತದೆ. ಇದ್ದಿಲಿನ ಮೇಲೆ ಬಳಿದ ಸುಣ್ಣವನ್ನು ಕೆರೆದರೆ ಏನೂ ಸಿಗುವುದಿಲ್ಲ.

ಆದ್ದರಿಂದ ನನ್ನ ವೃತ್ತಿಬಾಂಧವರಲ್ಲೂ, ನನ್ನಂತೆ ಮೊಮ್ಮಕ್ಕಳ ಕೈಹಿಡಿದು ಮ್ಯೂಸಿಯಮ್ಮುಗಳಿಗೆ ಹೋಗುವ ಹಿರಿಯರಲ್ಲೂ ನನ್ನ ವಿನಂತಿ ಇಷ್ಟೇ. ಯಾವ ಚಿತ್ರವನ್ನಾದರೂ ಇಷ್ಟವಿಲ್ಲವೆನ್ನಿ, ಬೇಸರವೆನ್ನಿ, ದುಬಾರಿಯೆನ್ನಿ. ಮಗುವಿನ ಹೆಸರನ್ನು ಬೈಗುಳವಾಗಿ ಎತ್ತಬೇಡಿ, ಅದರಲ್ಲೂ ಮಗು ಪಕ್ಕದಲ್ಲೇ ನಿಂತಿರುವಾಗ. "ಇದನ್ನು ಮಗುವೂ ಬರೆಯುತ್ತದೆ" ಎಂಬ ಮಾತು ಚಿತ್ರಕಾರನಿಗೆ ತಲುಪುವುದಿಲ್ಲ, ಅವನು ಸತ್ತಿದ್ದಾನೆ. ಅದು ತಲುಪುವುದು ಪಕ್ಕದಲ್ಲಿರುವ ಮಗುವಿಗೆ; ನೀನು ಬರೆಯುವುದು ನಗೆಪಾಟಲಿನ ವಸ್ತು ಎಂದು ಅದಕ್ಕೆ ಅರ್ಥವಾಗುತ್ತದೆ. ಮಕ್ಕಳೆಲ್ಲ ಆಪೆಲ್‌ಗಳಾಗುತ್ತಾರೆಂಬ ಭ್ರಮೆ ನನಗಿಲ್ಲ, ಆಗಬೇಕಾಗಿಯೂ ಇಲ್ಲ. ಮಗು ಗೋಡೆಯ ಮೇಲೆ ಬರೆದದ್ದು ಕಲೆಯೋ ಅಲ್ಲವೋ ಎಂಬ ತೀರ್ಪನ್ನು ನಾಳೆ ಕೊಟ್ಟರೂ ನಡೆಯುತ್ತದೆ. ಅದು ಏನು ಕೇಳುತ್ತಿದೆ ಎಂಬುದನ್ನು ಇಂದೇ ಕೇಳಬೇಕು.

ಮೊಮ್ಮಗಳ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಊರಿಗೆ ಹೊರಡುವ ಹಿಂದಿನ ದಿನ ಅವಳನ್ನು ಮತ್ತೆ ಅದೇ ಚಿತ್ರದ ಮುಂದೆ ಕರೆದುಕೊಂಡು ಹೋದೆ. ಅದು ಏಕೆ ನಮ್ಮನ್ನೇ ನೋಡುತ್ತಿದೆ ಎಂದು ನಿನಗೆ ತೋರುತ್ತದೆ ಎಂದು ಈ ಬಾರಿ ನಾನೇ ಅವಳನ್ನು ಕೇಳಿದೆ. ಅವಳು ಬಹಳ ಹೊತ್ತು ನೋಡಿ, "ನಾವು ಮೊದಲು ಮಾತಾಡಲಿ ಅಂತ ಕಾಯ್ತಾ ಇದೆ" ಎಂದಳು. ಆಮೇಲೆ ನಾವಿಬ್ಬರೂ ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಕೊಂಡೆವು. ಅವಳಿಗೆ ಆ ಹುಡುಗನ ಕಥೆಯನ್ನು ಹೇಳಿದೆ, ಸುಣ್ಣದ ಭಾಗವನ್ನೂ ಬಿಡದೆ.